ಬಾಟನಿ ಎಂ.ಎಸ್ಸಿ.ಗೆ ಹೊರಟವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಿ.ಎಸ್ಸಿ. ಮುಗಿಸಿ, ಬಾಟನಿಯಲ್ಲೇ ಎಂ.ಎಸ್ಸಿ. ಮಾಡಲೋ ಬೇಡವೋ ಎಂದು ಯೋಚಿಸುತ್ತಾ ಕೂತಿರುವ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ನನ್ನ ಈ ನಾಲ್ಕು ಮಾತು.

ನಾನು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಆವರಣಕ್ಕೆ ಈ ಹೆಸರಿಟ್ಟವರು ಕುವೆಂಪು. ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು ನಾನು. ಮೊದಲ ತಿಂಗಳು ಕ್ಲಾಸಿನಲ್ಲಿ ಬಾಯಿ ತೆರೆಯಲೇ ಭಯವಾಗುತ್ತಿತ್ತು.

ಆ ಭಯ ಕಳೆದದ್ದು ಒಂದು ಪ್ರಾಕ್ಟಿಕಲ್‌ನಲ್ಲಿ. ಮೇಜಿನ ಮೇಲೆ ಒಂದು ಗಿಡ ಇಟ್ಟು ಗುರುತಿಸಿ ಎಂದರು. ಗೊತ್ತಿತ್ತು, ಆದರೆ ಲ್ಯಾಟಿನ್ ಹೆಸರು ನಾಲಿಗೆಗೆ ಬರಲಿಲ್ಲ. ಮೇಷ್ಟ್ರು ಹತ್ತಿರ ಬಂದು, "ನಿಮ್ಮೂರಲ್ಲಿ ಏನಂತಾರಮ್ಮ?" ಎಂದರು. "ತುಂಬೆ ಸಾರ್, ಶಿವನ ಪೂಜೆಗೆ ಹೂವು ಕೀಳ್ತೀವಿ" ಅಂದೆ. "ಸರಿ, ಕಾಂಡ ಬೆರಳಲ್ಲಿ ಉರುಳಿಸಿ ನೋಡು" ಎಂದರು. ಉರುಳಿಸಿದೆ. ದುಂಡಗಿಲ್ಲ, ನಾಲ್ಕು ಮೂಲೆ ಬೆರಳಿಗೆ ತಾಕಿತು. ಎಲೆಗಳು ಎದುರುಬದುರು. ಬಿಳಿ ಹೂವನ್ನು ಲೆನ್ಸ್ ಅಡಿ ಹಿಡಿದರೆ ಎರಡು ತುಟಿ: ಮೇಲಿನದು ಚಿಕ್ಕದು, ಮೈತುಂಬ ನವಿರು ರೋಮ, ಕೆಳಗಿನದು ಅಗಲ. ಹೂಬಟ್ಟಲಿನ ತಳದಲ್ಲಿ ನಾಲ್ಕು ಪುಟ್ಟ ಗುಂಡುಗಳಾಗಿ ಒಡೆದ ಅಂಡಾಶಯ. ಇದು ಲೇಮಿಯೇಸಿ ಕುಟುಂಬದ ಚಹರೆ. ಕಟ್ಟೆಯ ತುಳಸಿ, ಹಿತ್ತಲ ದೊಡ್ಡಪತ್ರೆ, ಚಟ್ನಿಯ ಪುದೀನ, ಎಲ್ಲವೂ ತುಂಬೆಯ ದಾಯಾದಿಗಳೇ ಎಂದು ಅವತ್ತು ಕೈಯಾರೆ ತಿಳಿಯಿತು. ಲ್ಯೂಕಾಸ್ ಆಸ್ಪೆರಾ ಎಂಬ ಹೆಸರು ಆಮೇಲೆ ತಾನಾಗಿ ಬಾಯಿಗೆ ಬಂತು.

ಹಳ್ಳಿಯಿಂದ ಬರುವ ಮಕ್ಕಳೇ, ಉತ್ತರಾಣಿ, ಲಕ್ಕಿ, ಹೊನಗೊನ್ನೆ, ತಂಗಡಿ ಎಂದು ನಿಮಗೆ ಗೊತ್ತಿರುವ ಹೆಸರುಗಳಿವೆಯಲ್ಲ, ಅವನ್ನು ವಿಭಾಗದ ಬಾಗಿಲಲ್ಲಿ ಬಿಟ್ಟು ಒಳಗೆ ಬರಬೇಡಿ. ಲ್ಯಾಟಿನ್ ಹೆಸರು ಬೇಡವೆಂದಲ್ಲ, ಅದೂ ಬೇಕೇ ಬೇಕು. ನಮ್ಮಲ್ಲಿ ಬ್ರಾಹ್ಮಿ ಅಂದರೆ ಹಲವರಿಗೆ ಒಂದೆಲಗ, ಸೆಂಟೆಲ್ಲಾ ಏಷಿಯಾಟಿಕಾ. ಇನ್ನು ಕೆಲವರಿಗೆ ಅದೇ ಹೆಸರಿನಲ್ಲಿ ಬಕೋಪಾ ಮೊನಿಯೆರಿ ಎಂಬ ಬೇರೆಯೇ ಗಿಡ. ಔಷಧಿ ಕೊಡುವವರು ಯಾವುದನ್ನು ಕೊಟ್ಟರು ಎಂದು ತಿಳಿಯಲು ವಿಜ್ಞಾನದ ಹೆಸರೇ ಗತಿ.

ಎರಡು ವರ್ಷ, ನಾಲ್ಕು ಸೆಮಿಸ್ಟರ್. ಪಾಚಿ, ಶಿಲೀಂಧ್ರ, ಜರೀಗಿಡಗಳಿಂದ ಹಿಡಿದು ತಳಿಶಾಸ್ತ್ರ, ಅಣುಜೀವಶಾಸ್ತ್ರ, ಅಂದರೆ ಮಾಲಿಕ್ಯುಲರ್ ಬಯಾಲಜಿಯವರೆಗೆ ಪಾಠ. ಈರುಳ್ಳಿ ಬೇರಿನ ತುದಿಯನ್ನು ಬಣ್ಣದಲ್ಲಿ ನೆನೆಸಿ, ಸ್ಲೈಡಿನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ, ಹದಿನಾರು ಕ್ರೋಮೋಸೋಮ್ ಎಣಿಸುವಷ್ಟು ಹರಡಿಸಲು ನನಗೆ ವಾರಗಳೇ ಹಿಡಿದವು.

ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಇಡುವ ಸಂಗ್ರಹ, ಅದರ ಕೆಲಸಕ್ಕೂ ಅಷ್ಟೇ ತಾಳ್ಮೆ ಬೇಕು. ಕಿತ್ತ ಗಿಡವನ್ನು ಹಳೇ ಪೇಪರ್ ನಡುವೆ ಹರಡಿ, ಪ್ರೆಸ್‌ನಲ್ಲಿ ಬಿಗಿದು, ದಿನಾ ಪೇಪರ್ ಬದಲಿಸಬೇಕು. ಒಂದು ಮಳೆಗಾಲ ಎರಡು ದಿನ ಊರಿಗೆ ಹೋಗಿ ಬಂದೆ. ಕಟ್ಟು ಬಿಚ್ಚಿದರೆ ಒಂದು ಟೂರಿನ ಗಿಡಗಳಿಗೆಲ್ಲ ಬೂಷ್ಟು. ಹೂವಿನ ಬಣ್ಣ, ಜಾಗ, ತಾರೀಖು ಎಲ್ಲ ನೋಟ್‌ಬುಕ್ಕಿನಲ್ಲಿತ್ತು, ಗಿಡ ಮಾತ್ರ ಇರಲಿಲ್ಲ. ಅತ್ತುಬಿಟ್ಟೆ.

ಸಾಧ್ಯವಾದರೆ ಉತ್ತರ ಕನ್ನಡದ ಕತ್ತಲೆಕಾನು ಎಂಬ ಕಾಡಿಗೆ ಹೋಗಿ. ರಾಮಪತ್ರೆ ಜಾತಿಯ ಮರಗಳು ಜೌಗಿನಲ್ಲಿ ನಿಂತು, ಉಸಿರಾಟಕ್ಕೆಂದು ಮಂಡಿ ಮಡಿಸಿದಂಥ ಬೇರುಗಳನ್ನು ಮೇಲಕ್ಕೆ ಎತ್ತಿರುತ್ತವೆ. 2000ದಲ್ಲಿ ಅಲ್ಲಿಂದಲೇ ಕರಿಗೇರಿನ ಕುಲದ ಒಂದು ಹೊಸ ಮರವನ್ನು ವಿಜ್ಞಾನಿಗಳು ಲೋಕಕ್ಕೆ ತಿಳಿಸಿದರು. ಹೆಸರು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ನಮ್ಮ ಕಾನಿನ ಹೆಸರು ಈಗ ಜಗತ್ತಿನ ಸಸ್ಯಪಟ್ಟಿಯಲ್ಲಿದೆ. ನನಗೆ ಇವತ್ತಿಗೂ ಅದನ್ನು ಹೇಳುವಾಗ ಹೆಮ್ಮೆ.

ಕೆಲಸದ ಮಾತು ಅಪ್ಪ ಅಮ್ಮಂದಿರಿಗೆ. ಪಿಯು ಉಪನ್ಯಾಸಕರಾಗಲು ಎಂ.ಎಸ್ಸಿ. ಜೊತೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗೆ ಕೆ-ಸೆಟ್ ಅಥವಾ ನೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ವಿಜ್ಞಾನ ವಿಷಯಗಳಿಗಿರುವ ಸಿ.ಎಸ್.ಐ.ಆರ್. ನೆಟ್‌ನಲ್ಲಿ ಬಾಟನಿಗೆ ಪ್ರತ್ಯೇಕ ಪರೀಕ್ಷೆ ಇಲ್ಲ, ಇರುವುದು ಲೈಫ್ ಸೈನ್ಸಸ್. ಹಾಗಾಗಿ ಅಣುಜೀವಶಾಸ್ತ್ರ ಕಷ್ಟವೆಂದು ಕೈಬಿಡಬೇಡಿ. ಅಂಗಾಂಶ ಕೃಷಿ ಲ್ಯಾಬುಗಳು, ಬೀಜದ ಕಂಪನಿಗಳೂ ಇವೆ. ದಾರಿ ಸಲೀಸೆಂದು ನಾನು ಹೇಳಲಾರೆ. ಆದರೆ ಸರ್ಕಾರಿ ವಿಶ್ವವಿದ್ಯಾನಿಲಯ, ಇಲಾಖೆಯ ಹಾಸ್ಟೆಲ್, ವಿದ್ಯಾರ್ಥಿವೇತನ ಇರದಿದ್ದರೆ ನನ್ನಂಥವಳು ಮೈಕ್ರೋಸ್ಕೋಪ್ ಮುಟ್ಟುತ್ತಲೇ ಇರಲಿಲ್ಲ.

ಹರ್ಬೇರಿಯಂ ಹಾಳೆಯ ಚೀಟಿಯಲ್ಲಿ ಸ್ಥಳೀಯ ಹೆಸರಿಗೆಂದು ಒಂದು ಸಾಲಿರುತ್ತದೆ. ಎಷ್ಟೋ ಹಾಳೆಗಳಲ್ಲಿ ಅದು ಖಾಲಿ. ಮುಂದಿನ ಸಲ ಗಿಡ ಕಿತ್ತಾಗ ಆ ಹೊಲದಲ್ಲಿ ಕಳೆ ತೆಗೆಯುತ್ತಿರುವ ಅಕ್ಕನನ್ನು ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ.

ನಮಸ್ಕಾರ.