ಮನೆ ಮುಂದಿನ ಒಂದು ಚಮಚ ಅಕ್ಕಿ

ಕೇಳುಗರಿಗೆ ನಮಸ್ಕಾರ.

ಇಂಡೋನೇಷ್ಯಾದ ಜಾವಾ ದ್ವೀಪದ ಒಂದು ಹಳ್ಳಿ. ಯೋಗ್ಯಕರ್ತ ನಗರದ ದಕ್ಷಿಣಕ್ಕೆ, ಬಾಂತುಲ್ ಜಿಲ್ಲೆಯ ಕಡೆಯ ಊರು ಎಂದುಕೊಳ್ಳಿ. ರಾತ್ರಿ ಹತ್ತು ದಾಟಿದೆ. ಹೆಂಚಿನ ಮನೆಗಳು, ಮನೆಯ ಸುತ್ತ ತೆಂಗು, ಬಾಳೆ, ಹಲಸು, ಪರಂಗಿ. ಅದರಾಚೆ ನೀರು ನಿಂತ ಗದ್ದೆ, ಕಪ್ಪೆಗಳ ಸದ್ದು. ನಾಲ್ಕೈದು ಗಂಡಸರು ಪಂಚೆಯನ್ನು ಹೆಗಲಿಗೆ ಸುತ್ತಿಕೊಂಡು, ಬ್ಯಾಟರಿ ಹಿಡಿದು ಬೀದಿಗುಂಟ ಬರುತ್ತಾರೆ. ಆ ರಾತ್ರಿಯ ಕಾವಲು ಅವರ ಸರದಿ. ಅದಕ್ಕೆ ಅಲ್ಲಿ ರೋಂಡ ಎನ್ನುತ್ತಾರೆ. ಒಂದೊಂದು ಮನೆಯ ಮುಂದೂ ಅವರು ನಿಲ್ಲುತ್ತಾರೆ. ಜಗಲಿಯ ಕಂಬಕ್ಕೋ ಕಿಟಕಿಯ ಪಕ್ಕದ ಮೊಳೆಗೋ ಒಂದು ಪುಟ್ಟ ಡಬ್ಬಿ ತೂಗುಬಿದ್ದಿರುತ್ತದೆ. ಹಾಲಿನ ಹಳೇ ತಗಡಿನ ಡಬ್ಬಿಯಾದೀತು, ಕತ್ತರಿಸಿದ ಪ್ಲಾಸ್ಟಿಕ್ ಲೋಟವಾದೀತು, ಬಿದಿರಿನ ಗೆಣ್ಣಾದೀತು. ಅದರಲ್ಲಿ ಒಂದು ಚಮಚ ಅಕ್ಕಿ. ಅದನ್ನು ಚೀಲಕ್ಕೆ ಸುರಿದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ.

ಈ ಪದ್ಧತಿಗೆ ಜಿಂಪಿತಾನ್ ಎಂದು ಹೆಸರು. ಜಿಂಪಿತ್ ಎಂದರೆ ಬೆರಳ ತುದಿಯಲ್ಲಿ ಎತ್ತುವಷ್ಟು. ನಾವು ಚಿಟಿಕೆ ಎನ್ನುತ್ತೇವಲ್ಲ, ಹಾಗೆ. ಒಂದು ಮನೆಯ ಅಕ್ಕಿ ಒಂದು ತುತ್ತಿಗೂ ಸಾಲದು. ಆದರೆ ಕೇರಿಯಲ್ಲಿ ನಲವತ್ತು ಮನೆಗಳಿದ್ದು, ವರ್ಷವಿಡೀ ಕೂಡಿಬಂದರೆ ಚೀಲಗಟ್ಟಲೆ ಆಗುತ್ತದೆ. ಅದನ್ನು ಮಾರಿದ ದುಡ್ಡಿನಲ್ಲಿ ಬೀದಿಗೆ ದೀಪ ಬರುತ್ತದೆ, ಮದುವೆ-ಸಾವುಗಳಿಗೆ ಬೇಕಾಗುವ ಕುರ್ಚಿ, ತಟ್ಟೆ, ಲೋಟ ಬರುತ್ತವೆ. ಕಾಯಿಲೆ ಬಿದ್ದವರ ಮನೆಗೂ ಒಂದಿಷ್ಟು ಹೋಗುತ್ತದೆ. ಇನ್ನೂ ಒಂದು ಪ್ರಯೋಜನವುಂಟು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರತಿ ರಾತ್ರಿ ಊರಿನವರು ನಿಮ್ಮ ಬಾಗಿಲ ತನಕ ಬಂದು ಹೋಗುತ್ತಾರೆ. ಒಂಟಿ ಮುದುಕಿಯ ಮನೆಯ ಡಬ್ಬಿ ಎರಡು ದಿನ ಖಾಲಿಯಿದ್ದರೆ ಯಾರಾದರೂ ಬಾಗಿಲು ತಟ್ಟುತ್ತಾರೆ.

ಈ ಚಿಟಿಕೆಯ ಹಿಂದೆ ನೆಲದ ಲೆಕ್ಕವೊಂದಿದೆ. ಜಾವಾದ ವಿಸ್ತೀರ್ಣ ನಮ್ಮ ಕರ್ನಾಟಕದ ಮೂರರಲ್ಲಿ ಎರಡು ಪಾಲು. 2020ರ ಜನಗಣತಿಯಲ್ಲಿ ಅಷ್ಟು ನೆಲದ ಮೇಲಿದ್ದವರು 15 ಕೋಟಿಗೂ ಹೆಚ್ಚು. ಅಗ್ನಿಪರ್ವತಗಳ ಬೂದಿ ಬಿದ್ದು ಬಿದ್ದು ಹದಗೊಂಡ ಮಣ್ಣು ಅದು. ನೀರಿದ್ದರೆ ವರ್ಷಕ್ಕೆ ಎರಡು ಭತ್ತ ಸಲೀಸು, ಕೆಲವೆಡೆ ಮೂರು. ಮಣ್ಣು ಎಷ್ಟು ಕೊಟ್ಟರೂ ಹಂಚಿಕೊಳ್ಳುವವರು ಹೆಚ್ಚು. ಅಲ್ಲಿನ ರೈತ ಕುಟುಂಬಗಳಲ್ಲಿ ಹೆಚ್ಚಿನವಕ್ಕೆ ಇರುವುದು ಅರ್ಧ ಹೆಕ್ಟೇರಿಗಿಂತ ಕಡಿಮೆ, ಅಂದರೆ ಒಂದೂಕಾಲು ಎಕರೆಯೂ ಇಲ್ಲ. ಇಂಥವರನ್ನು ಪೆತಾನಿ ಗುರೆಮ್ ಎನ್ನುತ್ತಾರೆ. ಗುರೆಮ್ ಎಂದರೆ ಕೋಳಿಯ ಮೈಮೇಲಿನ, ಕಣ್ಣಿಗೆ ಕಾಣದಷ್ಟು ಸಣ್ಣ ಹೇನು. ಸರ್ಕಾರದ ದಾಖಲೆಗಳಲ್ಲೂ ಇದೇ ಪದ ಬಳಕೆಯಲ್ಲಿದೆ. ನನಗೆ ಈ ಮಾತು ಚುಚ್ಚುತ್ತದೆ. ಅನ್ನ ಬೆಳೆಯುವವನಿಗೆ ಇಡಬಹುದಾದ ಹೆಸರೇ ಇದು?

ಅದಕ್ಕಿಂತ ಕೆಳಗೆ ಒಂದು ತುಂಡೂ ನೆಲವಿಲ್ಲದವರಿದ್ದಾರೆ. ಅವರು ಬದುಕಿದ್ದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಿಂದೆ ಭತ್ತದ ಕೊಯ್ಲು ಹೆಂಗಸರ ಕೆಲಸವಾಗಿತ್ತು. ಕುಡುಗೋಲಿನಿಂದಲ್ಲ, ಅನಿ-ಅನಿ ಎಂಬ ಅಂಗೈಯೊಳಗೆ ಅಡಗುವ ಸಣ್ಣ ಅಲಗಿನಿಂದ. ಬುಡ ಹಿಡಿದು ಕೊಯ್ಯದೆ ಒಂದೊಂದೇ ತೆನೆ ಕತ್ತರಿಸುತ್ತಿದ್ದರು. ಭತ್ತದಲ್ಲಿ ದೇವಿ ಶ್ರೀ ಇದ್ದಾಳೆ. ನಮ್ಮ ಲಕ್ಷ್ಮಿಯ ಹೆಸರೇ ಅಲ್ಲಿ ಪೈರಿನ ತಾಯಿಗೆ ನಿಂತಿದೆ. ಹೊಳೆಯುವ ಕತ್ತಿ ಕಂಡರೆ ಅವಳು ಬೆದರುತ್ತಾಳೆ, ಆದ್ದರಿಂದ ಅಲಗು ಅಂಗೈಯಲ್ಲಿ ಮರೆಯಾಗಿರಬೇಕು ಎಂಬ ನಂಬಿಕೆ. ಗದ್ದೆ ಮಾಗಿದ ದಿನ ಯಾರು ಬಂದರೂ ಯಜಮಾನ ಬೇಡ ಎನ್ನುವಂತಿರಲಿಲ್ಲ. ಕೂಲಿ ಕಾಸಿನಲ್ಲಿ ಇರಲಿಲ್ಲ, ಕೊಯ್ದ ಭತ್ತದಲ್ಲೇ ಒಂದು ಪಾಲು. ಅದಕ್ಕೆ ಬಾವೊನ್ ಎಂದು ಹೆಸರು. ಹತ್ತರಲ್ಲೊಂದೋ ಎಂಟರಲ್ಲೊಂದೋ, ಊರಿಂದೂರಿಗೆ ಬೇರೆ. ನೆಂಟರಿಗೆ, ಹತ್ತಿರದ ನೆರೆಯವರಿಗೆ ತುಸು ಹೆಚ್ಚು. ನೆಲವಿಲ್ಲದ ಮನೆಗೂ ಹೀಗೆ ಸುಗ್ಗಿಯಲ್ಲಿ ಭತ್ತ ಬರುತ್ತಿತ್ತು. ಆಮೇಲೆ ಉಳ್ಳವರ ಮನೆಯ ಭತ್ತವನ್ನು ದೋಣಿಯಂಥ ಉದ್ದನೆಯ ಮರದ ಒರಳಿನಲ್ಲಿ ಕುಟ್ಟಿಕೊಟ್ಟರೆ ಮತ್ತಷ್ಟು. ನಮ್ಮಲ್ಲಿ ಕೊಟ್ಟಣ ಕುಟ್ಟಿ ಮಕ್ಕಳನ್ನು ಸಾಕಿದ ತಾಯಂದಿರ ಕಥೆ ಕೇಳಿದವರಿಗೆ ಇದು ಅರ್ಥವಾಗುತ್ತದೆ.

1960ರ ದಶಕದ ಕೊನೆಯಿಂದ ಹೊಸ ತಳಿಗಳು ಬಂದವು. ಕಾಂಡ ಗಿಡ್ಡ, ಇಳುವರಿ ಹೆಚ್ಚು, ಕಾಳು ಬೇಗ ಉದುರುತ್ತದೆ. ಅದಕ್ಕೆ ಅನಿ-ಅನಿ ಸರಿಹೋಗಲಿಲ್ಲ, ಕುಡುಗೋಲು ಬಂತು. ಅದರ ಬೆನ್ನಿಗೇ ತೆಬಾಸಾನ್ ಹಬ್ಬಿತು: ಗದ್ದೆಯಲ್ಲಿ ನಿಂತ ಪೈರನ್ನೇ ವ್ಯಾಪಾರಿಗೆ ಮಾರಿಬಿಡುವುದು. ವ್ಯಾಪಾರಿ ತನ್ನದೇ ಆಳುಗಳ ಸಣ್ಣ ತಂಡ ಕರೆತಂದು, ತೂಕ ಹಾಕಿ ಕೂಲಿ ಕೊಟ್ಟ. ಊರಿನ ಬಡ ಹೆಂಗಸರಿಗೆ ಗದ್ದೆಯ ಬದುವಿನ ಮೇಲೆ ನಿಂತು ನೋಡುವುದಷ್ಟೇ ಉಳಿಯಿತು. ಅದೇ ಹತ್ತು ವರ್ಷಗಳಲ್ಲಿ ಅಕ್ಕಿಗಿರಣಿಗಳು ಹಳ್ಳಿಹಳ್ಳಿಗೆ ಬಂದು ಒರಳಿನ ಕೆಲಸವೂ ಹೋಯಿತು. 1984ರಲ್ಲಿ ಇಂಡೋನೇಷ್ಯಾ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಅದು ಸಣ್ಣ ಸಾಧನೆಯಲ್ಲ, ಹಸಿವು ಕಂಡಿದ್ದ ದೇಶ ಅದು. ಎರಡೇ ವರ್ಷಕ್ಕೆ ಕಂದು ಜಿಗಿಹುಳು ಮುತ್ತಿ, ವಿಷ ಹೊಡೆದಷ್ಟೂ ಹುಳು ಹೆಚ್ಚಿ, ಕೊನೆಗೆ 1986ರಲ್ಲಿ 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ಬಳಸಬಾರದೆಂದು ಅಧ್ಯಕ್ಷರ ಆದೇಶವೇ ಹೊರಡಬೇಕಾಯಿತು. ಇಷ್ಟೆಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ಬಾವೊನ್ ಹೋದ ಮೇಲೆ ಆ ಹೆಂಗಸರು ಏನು ಉಂಡರು ಎಂಬುದೇ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ಕೆಲವರು ಹೊರೆ ಹೊತ್ತು ಮಾರುವ ವ್ಯಾಪಾರಕ್ಕೆ ಇಳಿದರು, ಕೆಲವರು ಪಟ್ಟಣದ ಮನೆಗೆಲಸಕ್ಕೆ ಹೋದರು.

ಬಾಂತುಲ್‌ನಿಂದ ಪೂರ್ವಕ್ಕೆ ಬೆಟ್ಟ ಹತ್ತಿದರೆ ಗುನುಂಗ್ ಕಿದುಲ್. ತೆಂಕಣ ಬೆಟ್ಟ ಎಂದೇ ಅದರ ಅರ್ಥ. ಸುಣ್ಣಕಲ್ಲಿನ ನೆಲ, ಮಳೆ ಬಿದ್ದದ್ದು ಬಿದ್ದಂತೆ ಇಂಗಿ ಭೂಮಿಯೊಳಗಿನ ಹೊಳೆಗಳಿಗೆ ಸೇರಿಬಿಡುತ್ತದೆ. ಬೇಸಗೆಯಲ್ಲಿ ಕೆರೆ ಬತ್ತಿದರೆ ಟ್ಯಾಂಕರ್ ನೀರೇ ಗತಿ. ಅಲ್ಲಿ ಅಕ್ಕಿ ದುಬಾರಿ. ಮರಗೆಣಸನ್ನು ಸಿಪ್ಪೆ ತೆಗೆದು ಒಣಗಿಸಿ, ಕುಟ್ಟಿ, ಹಬೆಯಲ್ಲಿ ಬೇಯಿಸಿದ ತಿವುಲ್ ಅಲ್ಲಿನ ಬಡವರ ಅನ್ನ. ಬಣ್ಣ ಕಂದು, ರುಚಿ ಸ್ವಲ್ಪ ಒಗರು-ಸಿಹಿ. ಜತೆಗೆ ಖಾರದ ಸಂಬಲ್, ಒಂದು ಸೊಪ್ಪಿನ ಸಾರು, ಸೋಯಾ ಕಾಳನ್ನು ಎಲೆಯಲ್ಲಿ ಕಟ್ಟಿ ಹುದುಗಿಸಿದ ತೆಂಪೆ. ಈಗ ಪ್ರವಾಸಿಗಳು ತಿವುಲ್ ಹುಡುಕಿಕೊಂಡು ಬರುತ್ತಾರೆ. ಹಸಿವಿನ ವರ್ಷಗಳನ್ನು ಕಂಡ ಅಜ್ಜಿಯರಿಗೆ ಅದು ಬೇರೆಯದನ್ನೇ ನೆನಪಿಸುತ್ತದೆ.

ಈಗ ಆ ನೆರೆಕೆರೆಯ ವಿಷಯಕ್ಕೆ ಮರಳುತ್ತೇನೆ. ಗೊತೊಂಗ್ ರೊಯೊಂಗ್ ಎಂಬ ಮಾತು ಇಂಡೋನೇಷ್ಯಾದಲ್ಲಿ ಎಲ್ಲರ ನಾಲಿಗೆಯ ಮೇಲಿದೆ: ಕೂಡಿ ಹೊರುವುದು, ಕೈಗೆ ಕೈ ಸೇರಿಸುವುದು. ಮುಂದೆ ದೇಶದ ಮೊದಲ ಅಧ್ಯಕ್ಷರಾದ ಸುಕರ್ನೋ 1945ರ ಜೂನ್ 1ರ ಭಾಷಣದಲ್ಲಿ, ಹುಟ್ಟಲಿದ್ದ ದೇಶದ ತಳಹದಿಯಾಗಿ ತಾವು ಮುಂದಿಟ್ಟ ಪಂಚಸಿಲ, ಅಂದರೆ ಪಂಚಶೀಲದ ಐದೂ ತತ್ತ್ವಗಳನ್ನು ಒಂದೇ ಮಾತಿಗೆ ಇಳಿಸುವುದಾದರೆ ಅದು ಗೊತೊಂಗ್ ರೊಯೊಂಗ್ ಎಂದರು. ಅವರ ನಂತರ ಅಧ್ಯಕ್ಷರಾದ ಸುಹಾರ್ತೋ ಕಾಲದಲ್ಲಿ ಅಧಿಕಾರಿಗಳು ಇದೇ ಮಾತು ಹೇಳಿ ಜನರಿಂದ ಬಿಟ್ಟಿ ಕೆಲಸವನ್ನೂ ಮಾಡಿಸಿಕೊಂಡರು. ರೋಂಡ ನಡೆಸುವ ಕೇರಿ ಸಂಘವನ್ನೇ ನೋಡಿ. ಅದರ ಮೂಲ ಮಾದರಿ ಬಂದದ್ದು 1942ರಿಂದ 1945ರವರೆಗಿನ ಜಪಾನೀಯರ ಆಳ್ವಿಕೆಯಿಂದ, ಜನರ ಮೇಲೆ ಕಣ್ಣಿಡುವುದಕ್ಕಾಗಿ. ಜನ ಅದನ್ನು ತಮ್ಮದನ್ನಾಗಿ ಮಾಡಿಕೊಂಡರು.

ಹೀಗಾಗಿ ಜಾವಾದವರು ಹುಟ್ಟಾ ಒಳ್ಳೆಯವರು, ಸೌಹಾರ್ದ ಅವರ ರಕ್ತದಲ್ಲಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಲೆಕ್ಕ ಇಡುತ್ತಾರೆ. ಮನೆಯ ಮಾಡು ಎತ್ತಲು ನೀವು ನನಗೆ ಬಂದರೆ ನಾನು ನಿಮಗೆ ಬರಬೇಕು, ಅದು ಸಂಬಾತಾನ್. ನಮ್ಮ ರೈತರಿಗೆ ವಿವರಿಸಬೇಕಿಲ್ಲ, ಮುಯ್ಯಾಳು ಎಂದರೆ ಸಾಕು. ಮದುವೆ ಮನೆಗೆ ಕೇರಿಯ ಹೆಂಗಸರು ಎರಡು ಮೂರು ದಿನ ಮೊದಲೇ ಬಂದು ತೆಂಗಿನಕಾಯಿ ತುರಿಯುವುದು, ಮಸಾಲೆ ಅರೆಯುವುದು, ಅಕ್ಕಿ ಬೇಯಿಸುವುದು; ಅದು ರೆವಾಂಗ್. ಬಂದವರು ತಂದ ಅಕ್ಕಿ, ಸಕ್ಕರೆ, ದುಡ್ಡು ಪುಸ್ತಕದಲ್ಲಿ ಬರೆದಿಡಲಾಗುತ್ತದೆ. ನಮ್ಮಲ್ಲಿ ಮದುವೆ ಚಪ್ಪರದಲ್ಲಿ ಮುಯ್ಯಿ ಓದಿಸುವುದಿಲ್ಲವೇ, ಅದೇ. ಮದುವೆಗೆ ಶುಭವೆನ್ನುವ ಬೆಸಾರ್ ತಿಂಗಳಲ್ಲಿ ಒಂದರ ಮೇಲೊಂದು ಕರೆ ಬಂದಾಗ ಬಡವರ ಮನೆಯಲ್ಲಿ ಕೋಳಿ ಮಾರಿ ಮುಯ್ಯಿ ತೀರಿಸುತ್ತಾರೆ, ಸಾಲವನ್ನೂ ಮಾಡುತ್ತಾರೆ. ಇದು ಹೊರೆಯೇ. ಆದರೆ ಆ ಪುಸ್ತಕದಲ್ಲಿ ಹೆಸರಿಲ್ಲದವನ ಮನೆಯಲ್ಲಿ ಸಾವಾದರೆ ಹೆಗಲು ಕೊಡುವವರಿಲ್ಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. ಕೈಯಗಲ ನೆಲದವನು ಒಂಟಿಯಾಗಿ ಬಾಳಲಾರ.

2006ರ ಮೇ 27. ಬೆಳಗಿನ ಆರಕ್ಕೆ ಇನ್ನು ಕೆಲವೇ ನಿಮಿಷವಿದ್ದಾಗ ಬಾಂತುಲ್‌ನಲ್ಲಿ ಭೂಮಿ ನಡುಗಿತು. ಒಂದು ನಿಮಿಷದೊಳಗೆ ಊರೂರೇ ಮಲಗಿತು. 5,700ಕ್ಕೂ ಹೆಚ್ಚು ಜನ ಸತ್ತರು. ಕಬ್ಬಿಣದ ಬಿಗಿಯಿಲ್ಲದೆ ಬರೀ ಇಟ್ಟಿಗೆಯಲ್ಲಿ ಎಬ್ಬಿಸಿದ ಗೋಡೆಗಳು ಮಲಗಿದವರ ಮೇಲೆಯೇ ಬಿದ್ದವು. ಇದ್ದುದರಲ್ಲಿ ಆಸೆಪಟ್ಟು ಕಟ್ಟಿಸಿದ ಮನೆಗಳು ಅವು; ಬಿದಿರಿನ ತಟ್ಟಿಯ ಹಳೇ ಮನೆಗಳೇ ಅವಕ್ಕಿಂತ ತಡೆದುಕೊಂಡವು. ಆಮೇಲೆ ನಡೆದದ್ದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಕೇರಿಯವರು ಸೇರಿ ಇವತ್ತು ಈ ಮನೆಯ ಕಲ್ಲುಮಣ್ಣು, ನಾಳೆ ಆ ಮನೆಯದು ಎಂದು ಸರದಿ ಹಿಡಿದು ತೆರವು ಮಾಡಿದರು. ಒಂದೇ ಒಲೆಯಲ್ಲಿ ಎಲ್ಲರಿಗೂ ಅಡುಗೆ ಮಾಡಿದರು. ಮನೆ ಕಟ್ಟಲು ಸರ್ಕಾರ ಕೊಟ್ಟ ಹಣ ಬಂದದ್ದು ಹತ್ತು-ಹದಿನೈದು ಮನೆಗಳ ಗುಂಪಿನ ಕೈಗೆ. ಯಾರದು ಮೊದಲು, ಯಾರದು ಆಮೇಲೆ ಎಂದು ಅವರೇ ಕೂತು ಮಾತಾಡಿಕೊಂಡು ಕಟ್ಟಿದರು. ಹೆಚ್ಚಿನ ಮನೆಗಳು ಎರಡು ವರ್ಷದೊಳಗೆ ಎದ್ದು ನಿಂತವು. ಒಂದು ಚಮಚ ಅಕ್ಕಿಯನ್ನು ವರ್ಷವಿಡೀ ಲೆಕ್ಕವಿಟ್ಟು ಅಭ್ಯಾಸವಿದ್ದ ಜನ, ಕೋಟ್ಯಂತರ ರೂಪಿಯಾದ ಲೆಕ್ಕವನ್ನೂ ಹಾಗೆಯೇ ಇಟ್ಟರು.

ಕೇರಿಯವರ ಸಭೆ ತಿಂಗಳಿಗೊಮ್ಮೆ ಅಲ್ಲ, 35 ದಿನಕ್ಕೊಮ್ಮೆ ಸೇರುವುದು ರೂಢಿ. ಅಲ್ಲಿ ಏಳು ದಿನದ ವಾರದ ಜತೆಗೆ ಐದು ದಿನದ ಇನ್ನೊಂದು ವಾರವೂ ಓಡುತ್ತದೆ: ಲೆಗಿ, ಪಾಹಿಂಗ್, ಪೋನ್, ವಗೆ, ಕ್ಲಿವೊನ್. ಎರಡೂ ಕೂಡಿ ಒಂದು ಸುತ್ತು ಬರಲು 35 ದಿನ. ಐದು ದಿನದ ವಾರ ಸಂತೆಯ ವಾರ. ಒಂದೂರಿನ ಸಂತೆ ಲೆಗಿಯ ದಿನವಾದರೆ ಪಕ್ಕದೂರಿನದು ಪೋನ್ ದಿನ. ಸಂತೆಯನ್ನು ಆಳುವವರು ಹೆಂಗಸರೇ. ನಸುಕಿನಲ್ಲೇ ಬೆನ್ನಿನ ಮೇಲೆ ಸೊಪ್ಪು, ತೆಂಪೆ, ಮೆಣಸಿನಕಾಯಿ ಕಟ್ಟಿಕೊಂಡು ಹೊರಡುತ್ತಾರೆ. ಇನ್ನೊಂದು ಸಂಗತಿ ನಮ್ಮವರಿಗೆ ಅಚ್ಚರಿಯಾದೀತು. 1633ರಲ್ಲಿ ಮತರಾಮ್ ರಾಜ್ಯದ ಸುಲ್ತಾನ್ ಅಗುಂಗ್ ಇಸ್ಲಾಮಿನ ಚಾಂದ್ರ ತಿಂಗಳುಗಳನ್ನು ತಂದನಾದರೂ ವರ್ಷದ ಎಣಿಕೆಯನ್ನು ಹೊಸದಾಗಿ ಶುರು ಮಾಡಲಿಲ್ಲ. ಆಗ ನಡೆಯುತ್ತಿದ್ದ ಶಕ 1555ರಿಂದಲೇ ಮುಂದುವರಿಸಿದ. ನಮ್ಮ ಪಂಚಾಂಗದ ಮೊದಲ ಪುಟದಲ್ಲಿರುವ ಶಾಲಿವಾಹನ ಶಕವೇ ಅದು.

2014ರ ಗ್ರಾಮ ಕಾಯಿದೆಯ ಮೇಲೆ, 2015ರಿಂದ ಪ್ರತಿ ಹಳ್ಳಿಗೂ ಕೇಂದ್ರ ಸರ್ಕಾರದಿಂದ ಹಣ ಬರುತ್ತಿದೆ. ದಾರಿಗಳು ಕಾಂಕ್ರೀಟ್ ಆಗಿವೆ, ಕಾಲುವೆ ಸರಿಯಾಗಿವೆ. ಹಣ ನುಂಗಿ ಜೈಲು ಸೇರಿದ ಊರ ಮುಖ್ಯಸ್ಥರೂ ಇದ್ದಾರೆ. ಆದರೆ ಆ ದಾರಿಯಲ್ಲಿ ನಡೆಯಬೇಕಾದ ಯುವಕರು ಊರಲ್ಲಿಲ್ಲ. ಗಂಡಸರು ಜಕಾರ್ತದ ಕಟ್ಟಡ ಕೆಲಸಕ್ಕೆ, ಹೆಂಗಸರು ಹಾಂಗ್‌ಕಾಂಗ್, ತೈವಾನ್, ಮಲೇಷ್ಯಾಗಳ ಮನೆಗೆಲಸಕ್ಕೆ ಹೋಗಿದ್ದಾರೆ. ಮಗು ಅಜ್ಜಿಯ ಹತ್ತಿರ. ತಾಯಿಯ ಮುಖ ಫೋನಿನಲ್ಲಿ. ಅವಳು ಕಳಿಸಿದ ಹಣದಲ್ಲಿ ಟೈಲ್ಸ್ ಹಾಕಿದ ಹೊಸ ಮನೆ, ಅದರಲ್ಲಿ ಮುದುಕಿ ಮತ್ತು ಮಗು ಇಬ್ಬರೇ. ರೋಂಡಕ್ಕೆ ಗಂಡಾಳಿಲ್ಲದ ಮನೆ ಸರದಿಯ ಬದಲು ದುಡ್ಡು ಕಟ್ಟುತ್ತದೆ. ಡಬ್ಬಿಯಲ್ಲಿ ಅಕ್ಕಿಯ ಬದಲು ಐನೂರು ರೂಪಿಯಾದ ನಾಣ್ಯ ಬೀಳುವುದು ಎಷ್ಟೋ ಊರುಗಳಲ್ಲಿ ಆಗಲೇ ಹಳೆಯ ಸಂಗತಿ. ಜನರ ಮನಸ್ಸು ಕಲ್ಲಾಗಿ ಹೀಗಾಯಿತು ಎಂದು ದೂರುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ಮನೆಯನ್ನು ಇನ್ನೊಂದು ಮನೆಗೆ ಕಟ್ಟಿಹಾಕಿದ್ದ ಕೆಲಸಗಳು, ಆ ಕೊಯ್ಲು, ಆ ಒರಳು, ಮೊದಲು ಹೋದವು. ಜನ ಆಮೇಲೆ ಹೋದರು.

ಜಾವಾ ಮಾತಿನಲ್ಲಿ ಮೆಟ್ಟಿಲುಗಳಿವೆ. ಗೆಳೆಯನ ಜತೆ ಆಡುವುದು ಙೋಕೋ, ಗೌರವದ ಮಾತಿಗೆ ಕ್ರಮ ಎಂದು ಹೆಸರು. ನಮ್ಮ ನೀನು-ನೀವುಗಳಂತೆ ಅಲ್ಲಿಗೇ ನಿಲ್ಲುವುದಿಲ್ಲ, ಕ್ರಿಯಾಪದವೇ ಬದಲಾಗುತ್ತದೆ. ಗೆಳೆಯ ಉಂಡರೆ ಮಾಙನ್, ನಾನು ಹಿರಿಯರ ಮುಂದೆ ನನ್ನ ಊಟದ ಮಾತೆತ್ತಿದರೆ ನೆಡಾ, ಅಜ್ಜಿ ಉಂಡರೆ ಧಾಹಾರ್. ಮಗು ಇದನ್ನು ಕಲಿಯುವುದು ಮನೆಯಲ್ಲಿ, ತಪ್ಪಿದಾಗಲೆಲ್ಲ ಯಾರಾದರೂ ತಿದ್ದುತ್ತಾ.

ರಂಜಾನ್ ಉಪವಾಸ ಮುಗಿದು ಲೆಬಾರಾನ್ ಹಬ್ಬ ಬಂದಾಗ ಜಕಾರ್ತದಿಂದ ಊರಿಗೆ ಲಕ್ಷಾಂತರ ಜನ ಹೊರಡುತ್ತಾರೆ. ಬಸ್ಸು, ರೈಲು, ಮುಂದೆ ಮಗು ಕೂರಿಸಿಕೊಂಡು ಹಿಂದೆ ಚೀಲ ಕಟ್ಟಿದ ಬೈಕು. ಹಬ್ಬದ ಬೆಳಿಗ್ಗೆ ಸುಂಕೆಮ್. ಮನೆಯ ಹಿರಿಯಳು ಕುರ್ಚಿಯಲ್ಲಿ ಕೂರುತ್ತಾಳೆ. ಮಕ್ಕಳು, ಮೊಮ್ಮಕ್ಕಳು ಒಬ್ಬೊಬ್ಬರಾಗಿ ಮಂಡಿಯೂರಿ, ಅವಳ ಮೊಣಕಾಲ ಮೇಲೆ ಕೈಯಿಟ್ಟು ತಲೆ ಬಾಗಿ, ವರ್ಷದ ತಪ್ಪುಗಳಿಗೆ ಕ್ಷಮೆ ಕೇಳಬೇಕು. ಕೇಳಬೇಕಾದದ್ದು ಆ ಗೌರವದ ಮಾತಿನಲ್ಲಿ, ಕ್ರಮದಲ್ಲಿ. ಪಟ್ಟಣದಲ್ಲಿ ಬೆಳೆದ ಹುಡುಗನಿಗೆ ಬರುವುದು ಇಂಡೋನೇಷ್ಯಾ ಭಾಷೆ. ಎರಡು ಮಾತು ಆಡುತ್ತಾನೆ, ಮೂರನೆಯದು ನೆನಪಾಗದೆ ನಿಂತುಬಿಡುತ್ತಾನೆ. ಆಗ ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟು, ಯಾರಿಗೂ ಕೇಳಿಸದ ಹಾಗೆ, ಅವನು ಹೇಳಬೇಕಾದ ಮಾತನ್ನು ತಾನೇ ಮೆಲ್ಲಗೆ ಹೇಳಿಕೊಡುತ್ತಾಳೆ. ಅವನು ಅವಳ ಹಿಂದೆ ಹೇಳುತ್ತಾನೆ.

ನಮಸ್ಕಾರ.