ಗಾಳಿಯಲ್ಲಿ ನಿಂತ ಚಾಮುಂಡಿ ಬೆಟ್ಟ

ಎಲ್ಲರಿಗೂ ನಮಸ್ಕಾರ. ಟೆಲಿಸ್ಕೋಪು, ಸೂಕ್ಷ್ಮದರ್ಶಕ (ಮೈಕ್ರೋಸ್ಕೋಪು) ಹೇಗೆ ಕೆಲಸ ಮಾಡುತ್ತವೆ ಅಂತ ಇವತ್ತು ನೋಡೋಣ. ಮಕ್ಕಳೆಲ್ಲ ಸ್ವಲ್ಪ ಮುಂದೆ ಬನ್ನಿ. ಆ ಲೈಟು ಆರಿಸಿ. ಬೆಟ್ಟದ ಕಡೆಯ ಕಿಟಕಿ ಮಾತ್ರ ತೆರೆದಿರಲಿ.

ನನ್ನ ಕೈಲಿರುವುದು ಒಂದು ಭೂತಗನ್ನಡಿ. ಕಿಟಕಿಯ ಎದುರಿನ ಗೋಡೆ ಹತ್ತಿರ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಮಾಡುತ್ತೇನೆ. ಬಂತು ನೋಡಿ! ಗೋಡೆ ಮೇಲೆ ಪುಟಾಣಿ ಚಾಮುಂಡಿ ಬೆಟ್ಟ. ಆದರೆ ತಲೆಕೆಳಗು. ಬೆಟ್ಟದ ಒಂದೊಂದು ಜಾಗದಿಂದ ಬಂದ ಬೆಳಕನ್ನೂ ಗಾಜು ಬಾಗಿಸಿ ಒಂದೊಂದು ಚುಕ್ಕಿಯಲ್ಲಿ ಕೂಡಿಸಿದೆ. ಮೇಲಿನದು ಕೆಳಗೆ ಬಂತು, ಕೆಳಗಿನದು ಮೇಲೆ ಹೋಯಿತು.

ಈಗ ಗೋಡೆ ಬದಲು ಬಟರ್ ಪೇಪರ್ ಹಿಡಿಯೋಣ. ಅದರ ಮೇಲೂ ಬೆಟ್ಟ ಇದೆ. ಪೇಪರ್ ತೆಗೆದರೆ? ಬೆಟ್ಟ ಎಲ್ಲೂ ಹೋಗುವುದಿಲ್ಲ, ಗಾಳಿಯಲ್ಲೇ ನಿಂತಿರುತ್ತದೆ. ಅದನ್ನು ಹಿಂದಿನಿಂದ ಇನ್ನೊಂದು ಚಿಕ್ಕ ಭೂತಗನ್ನಡಿಯಲ್ಲಿ ನೋಡಿ. ಟೆಲಿಸ್ಕೋಪ್ ಅಂದರೆ ಇಷ್ಟೇ. ಪುಸ್ತಕದ ಗೆರೆಚಿತ್ರಗಳಲ್ಲಿ ನನಗೆ ಇದು ತಿಳಿದಿರಲಿಲ್ಲ. ಪೇಪರ್ ತೆಗೆದು ನೋಡಿದ ದಿನ ತಿಳಿಯಿತು.

ಎಷ್ಟು ಪಟ್ಟು ದೊಡ್ಡದು? ಇಂಥ ಗಾಜಿಗೆ ಮಸೂರ ಅನ್ನುತ್ತಾರೆ. ದೂರದ ವಸ್ತುವಿನ ಚಿತ್ರ ಅದರಿಂದ ಎಷ್ಟು ದೂರದಲ್ಲಿ ಮೂಡುತ್ತದೋ ಅದು ಸಂಗಮ ದೂರ. ಮುಂದಿನ ಮಸೂರದ ಸಂಗಮ ದೂರ 1000 ಮಿ.ಮೀ., ಕಣ್ಣಿನ ಕಡೆಯದು 25 ಇದ್ದರೆ, ಭಾಗಿಸಿ, 40 ಪಟ್ಟು. ಕಣ್ಣಿನ ಕಡೆ 10 ಹಾಕಿದರೆ 100 ಪಟ್ಟು. ಹಾಗಾದರೆ ಇನ್ನೂ ಚಿಕ್ಕದು ಹಾಕಿ 500 ಮಾಡಬಹುದಲ್ವಾ? ಮಾಡಬಹುದು, ಉಪಯೋಗವಿಲ್ಲ. ಡಬ್ಬದ ಮೇಲೆ 525 ಪಟ್ಟು ಅಂತ ಬರೆದಿದ್ದನ್ನು ನಂಬಿ ನಾನೊಂದು ಟೆಲಿಸ್ಕೋಪ್ ತಂದಿದ್ದೆ. ಗುರು ಗ್ರಹ ಗಂಜಿಯ ಹಾಗೆ ಕಂಡಿತು. ಅದರ ಮುಂದಿನ ಗಾಜು 60 ಮಿ.ಮೀ. ಅಷ್ಟಕ್ಕೆ ಸುಮಾರು 120 ಪಟ್ಟು ದಾಟಿದರೆ ಮಬ್ಬು ಮಾತ್ರ ದೊಡ್ಡದಾಗುತ್ತದೆ. ದಯವಿಟ್ಟು ಮಕ್ಕಳಿಗೆ ಕೊಡಿಸುವಾಗ ಪಟ್ಟು ಕೇಳಬೇಡಿ, ಬಾಯಿ ಎಷ್ಟು ಅಗಲ ಅಂತ ಕೇಳಿ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅಗಲವಾಗುತ್ತದೆ. 70 ಮಿ.ಮೀ. ಗಾಜು ಅದರ 10 ಪಟ್ಟು ಅಗಲ, ಹಾಗಾಗಿ 10 × 10, ಅಂದರೆ 100 ಪಟ್ಟು ಬೆಳಕು ಹಿಡಿಯುತ್ತದೆ. ಮಳೆಗೆ ಚೊಂಬು ಇಡುವುದಕ್ಕೂ ಕೊಪ್ಪರಿಗೆ ಇಡುವುದಕ್ಕೂ ಇರುವ ವ್ಯತ್ಯಾಸ ಇದು.

ಗಾಜು ತೀರಾ ಅಗಲವಾದರೆ ತನ್ನ ಭಾರಕ್ಕೇ ಬಾಗುತ್ತದೆ, ಅಂಚಲ್ಲಿ ಮಾತ್ರ ಹಿಡಿಯಬೇಕಲ್ಲ. ಬಣ್ಣಗಳನ್ನೂ ಬೇರೆ ಬೇರೆ ದೂರದಲ್ಲಿ ಕೂಡಿಸುತ್ತದೆ. ಈ ಬಣ್ಣದ ಕಾರಣಕ್ಕೇ ನ್ಯೂಟನ್ 1668ರಲ್ಲಿ ಒಳಬಾಗಿದ ಕನ್ನಡಿ ಬಳಸಿದರು. ಕನ್ನಡಿಗೆ ಬಣ್ಣದ ತಂಟೆ ಇಲ್ಲ, ಬೆನ್ನಿಗೂ ಆಸರೆ ಕೊಡಬಹುದು. ತಮಿಳುನಾಡಿನ ಕಾವಲೂರಿನಲ್ಲಿರುವ ವೈನು ಬಾಪು ದೂರದರ್ಶಕದ ಕನ್ನಡಿ 2.34 ಮೀಟರ್ ಅಗಲ!

ಸೂಕ್ಷ್ಮದರ್ಶಕವೂ ಇದೇ ಎರಡು ಮಸೂರದ ಆಟ. ಆದರೆ ಅದರಲ್ಲಿ ಮುಂದಿನ ಮಸೂರ ತೀರಾ ಚಿಕ್ಕದು, ವಸ್ತು ಅದಕ್ಕೆ ತಾಗುವಷ್ಟು ಹತ್ತಿರ. ಹಾಗಾಗಿ ಒಳಗೆ ನಿಲ್ಲುವ ಚಿತ್ರವೇ 40 ಪಟ್ಟು ದೊಡ್ಡದು. ಕಣ್ಣಿನ ಕಡೆಯ ಮಸೂರ ಅದನ್ನು ಮತ್ತೆ 10 ಪಟ್ಟು ಮಾಡುತ್ತದೆ. ಒಟ್ಟು 400.

ಆ ಮೇಜಿನ ಮೇಲೆ ಕುಕ್ಕರಹಳ್ಳಿ ಕೆರೆಯ ಒಂದು ತೊಟ್ಟು ನೀರಿದೆ. ಅದರಲ್ಲಿ ಚಪ್ಪಲಿಯಾಕಾರದ ಜೀವಿಯೊಂದು ಸರ್ರನೆ ಓಡಾಡುತ್ತಿದೆ. ಇಲ್ಲೂ ಎಲ್ಲ ಉಲ್ಟಾ. ಅದು ಯಾವ ಕಡೆ ಓಡಿದ ಹಾಗೆ ಕಾಣುತ್ತದೋ ಸ್ಲೈಡನ್ನು ಅದೇ ಕಡೆಗೆ ಮೆಲ್ಲಗೆ ತಳ್ಳಿ, ಮತ್ತೆ ಸಿಗುತ್ತದೆ. ಒಬ್ಬೊಬ್ಬರಾಗಿ ಬನ್ನಿ, ಮೇಜು ಅಲ್ಲಾಡಿಸಬೇಡಿ.