ಎಲ್ಲೆಲ್ಲಿ ಅರ್ಜಿ ಹಾಕೋದು?

ನಮಸ್ಕಾರ ಕೇಳುಗರೆ.

ಹಾಸನದ ಹತ್ತಿರ ನಮ್ಮೂರಿನಲ್ಲಿರುವ ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾರೆ, "ಮಗೂಗೆ ಮೆಡಿಕಲ್ ಸೀಟ್ ಸಿಕ್ತಾ?" ಅವರಿಗೆ ಗೊತ್ತಿರುವುದು ನೀಟ್, ರ‍್ಯಾಂಕ್, ಕೌನ್ಸೆಲಿಂಗ್. ಅಲ್ಲಿ ಎಷ್ಟು ಕಾಲೇಜಿನ ಆಪ್ಷನ್ ಹಾಕಿದರೂ ಒಂದೊಂದಕ್ಕೆ ಬೇರೆ ದುಡ್ಡು ಕಟ್ಟಬೇಕಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಮೊದಲು 4 ವರ್ಷದ ಡಿಗ್ರಿ, ಮೆಡಿಕಲ್ ಸೇರೋಕೆ ಎಂಕ್ಯಾಟ್ ಅನ್ನೋ ಪರೀಕ್ಷೆ. ಆಮೇಲೆ ಕಾಲೇಜು ಕಾಲೇಜಿಗೂ ಅರ್ಜಿ, ಕಾಲೇಜು ಕಾಲೇಜಿಗೂ ಫೀಸು.

ನಾವಿರುವುದು ಒಹಾಯೋದಲ್ಲಿ. ಕಳೆದ ಏಪ್ರಿಲ್‌ನಲ್ಲಿ ಒಂದು ರಾತ್ರಿ ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಪಟ್ಟಿ ತೋರಿಸಿದಳು. 41 ಹೆಸರು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಜಾನ್ಸ್ ಹಾಪ್ಕಿನ್ಸ್ ಎಲ್ಲಾ ಮೇಲೇ ಇದ್ದವು. ನನಗೆ ಒಳಗೊಳಗೇ ಖುಷಿ. "ಅಪ್ಪಾ, ಇವು ಹೊಡೆದುಹಾಕೋಕೆ ಇರೋದು" ಅಂದಳು.

ಲೆಕ್ಕ ಹಾಕಿದೆವು. ಮೊದಲ ಕಾಲೇಜಿಗೆ 175 ಡಾಲರ್, ಆಮೇಲೆ ಒಂದೊಂದಕ್ಕೂ 40ಕ್ಕಿಂತ ಜಾಸ್ತಿ. ಅದು ಬರೀ ಬಾಗಿಲು ತಟ್ಟೋಕೆ. ಹೆಚ್ಚಿನ ಕಾಲೇಜುಗಳು ತಮ್ಮದೇ ಪ್ರಶ್ನೆ ಕಳಿಸಿ ಪ್ರಬಂಧ ಬರೆಸುತ್ತವೆ, ಅದಕ್ಕೆ ಮತ್ತೆ ಫೀಸು. ಎಷ್ಟೋ ಕಡೆ ಬಂದ ಅರ್ಜಿಯನ್ನು ಬಂದ ಹಾಗೇ ನೋಡುತ್ತಾ ಹೋಗುತ್ತಾರೆ, ತಡವಾದರೆ ನಷ್ಟ. 41 ಕಾಲೇಜಿಗೆ ಬರೆಯುತ್ತಾ ಕೂತರೆ ಬೇಸಿಗೆಯೇ ಮುಗಿದುಹೋಗುತ್ತೆ, ಅಲ್ವಾ?

ಎಂಎಸ್ಎಆರ್ ಅಂತ ಒಂದು ಮಾಹಿತಿಕೋಶ ಇದೆ. ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘವೇ ನಡೆಸುವುದು. ಎಲ್ಲರೂ ಅದರಲ್ಲಿ ಮೊದಲು ನೋಡುವುದು ಎಂಕ್ಯಾಟ್ ಅಂಕ. 472ರಿಂದ 528ರವರೆಗಿನ ಆ ಅಳತೆಯಲ್ಲಿ ನಮ್ಮ ಮಗು ಎಲ್ಲಿದೆ ಅಂತ. ಮಗಳು ಬೆರಳಿಟ್ಟಿದ್ದು ಬೇರೆ ಕಡೆ: ಹೊರರಾಜ್ಯದವರು ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರನ್ನು ಇಂಟರ್‌ವ್ಯೂಗೆ ಕರೆದರು. ಸರ್ಕಾರಿ ಕಾಲೇಜುಗಳ ನಿಜ ಅಲ್ಲಿದೆ. ಟೆಕ್ಸಾಸ್‌ನಲ್ಲಿ ಹೆಚ್ಚಿನ ಸರ್ಕಾರಿ ಮೆಡಿಕಲ್ ಕಾಲೇಜುಗಳು ಹೊರಗಿನವರಿಗೆ 10 ಪರ್ಸೆಂಟಿಗಿಂತ ಹೆಚ್ಚು ಸೀಟು ಕೊಡಬಾರದು ಅಂತ ಕಾನೂನೇ ಇದೆ. ಅಂಥ ಕಡೆ ಒಳ್ಳೇ ಅಂಕ ಹಿಡಿದುಕೊಂಡು ಹೋದರೂ ನಾವು ದೂರದ ನೆಂಟರೇ. ಅದಕ್ಕೇ ಒಹಾಯೋದವನ್ನೆಲ್ಲ ಮೊದಲು ಉಳಿಸಿಕೊಂಡಳು: ಕೊಲಂಬಸ್, ಸಿನ್ಸಿನಾಟಿ, ಟೊಲೀಡೊ, ಡೇಟನ್, ರೂಟ್ಸ್‌ಟೌನ್. ಈ ರೂಟ್ಸ್‌ಟೌನ್ ಅನ್ನೋ ಊರಿನ ಹೆಸರನ್ನೇ ನಾನು ಕೇಳಿರಲಿಲ್ಲ.

ಮಿನೆಸೋಟಾದ ಡುಲೂತ್ ಕ್ಯಾಂಪಸ್ ಹಳ್ಳಿಗಾಡಿಗೆ ಮತ್ತು ಮೂಲನಿವಾಸಿಗಳಿಗೆ ಡಾಕ್ಟರುಗಳನ್ನು ತಯಾರು ಮಾಡೋಕೆ ಇರುವುದು. "ಹಾಕು, ನಮ್ಮದೂ ಹಳ್ಳಿಯೇ ತಾನೆ" ಅಂದೆ. "ಹಳ್ಳಿಯವನು ನೀನು ಅಪ್ಪಾ, ನಾನಲ್ಲ" ಅಂದಳು. ಹೊಡೆದುಹಾಕಿದಳು.

ಇಲ್ಲಿ ಡಾಕ್ಟರ್ ಆಗೋಕೆ ಎರಡು ಡಿಗ್ರಿ ಇವೆ: ಒಂದು ಎಂಡಿ, ಇನ್ನೊಂದು ಡಿಓ, ಅಂದರೆ ಆಸ್ಟಿಯೋಪಥಿಕ್ ಮೆಡಿಸಿನ್. ಡಿಓ ಕಾಲೇಜುಗಳಿಗೆ ನಾನೇ ಮೂಗು ಮುರಿದಿದ್ದೆ. ಎಂಡಿ ಅಲ್ಲದಿದ್ದರೆ ಡಾಕ್ಟರೇ ಅಲ್ಲ ಅನ್ನೋ ನಮ್ಮೂರಿನ ಬುದ್ಧಿ. ಡಿಓ ಓದಿದವರೂ ಇಲ್ಲಿ ಪೂರ್ತಿ ಡಾಕ್ಟರುಗಳೇ. 2020ರಿಂದ ಇಬ್ಬರ ರೆಸಿಡೆನ್ಸಿಯೂ, ಅಂದರೆ ಡಿಗ್ರಿ ಆದಮೇಲೆ ಆಸ್ಪತ್ರೆಯಲ್ಲಿ ಮಾಡುವ ತರಬೇತಿಯೂ, ಒಂದೇ ವ್ಯವಸ್ಥೆಯಡಿ ಬಂದಿದೆ. ನಮ್ಮ ಫ್ಯಾಮಿಲಿ ಡಾಕ್ಟರ್ ಡಿಓ ಅನ್ನೋದು ಅವರ ಬೋರ್ಡ್ ಓದಿದ ಮೇಲೆ ತಿಳಿಯಿತು. 11 ವರ್ಷದಿಂದ ಅಲ್ಲಿಗೇ ಹೋಗುತ್ತಿದ್ದೇನೆ! ಮೂರು ಡಿಓ ಕಾಲೇಜು ಸೇರಿದವು.

ರಾತ್ರಿ ಹನ್ನೊಂದೂವರೆಗೆ ಪಟ್ಟಿ 17ಕ್ಕೆ ಇಳಿಯಿತು. ದೊಡ್ಡ ಹೆಸರುಗಳಲ್ಲಿ ಒಂದನ್ನಾದರೂ ಬಿಡು ಅಂತ ಬೇಡಿಕೊಂಡೆ. "ಸರಿ, ಇದರ ಫೀಸು ನಿಂದು, ಪ್ರಬಂಧ ನಂದು" ಅಂದಳು. ಹದಿನೆಂಟಾಯಿತು.

ಇಂಟರ್‌ವ್ಯೂಗೆ ಮೊದಲು ಕರೆದಿದ್ದು ನನಗೆ ಹೆಸರೇ ಗೊತ್ತಿಲ್ಲದ ರೂಟ್ಸ್‌ಟೌನಿನವರು. ನಾನು ದುಡ್ಡು ಕಟ್ಟಿದ ಕಾಲೇಜಿನಿಂದ ಇನ್ನೂ ಸುದ್ದಿಯಿಲ್ಲ. ಅಮ್ಮ ಈ ಭಾನುವಾರವೂ ಫೋನ್ ಮಾಡುತ್ತಾರೆ.